ಈ ಮಗುವಿಗೆ ಹೆಸರಿಡುವವರು ಯಾರು?

ನಮ್ಮಕ್ಕನ ಮಗನನ್ನು ಡಾಕ್ಟರಿಗೆ ತೋರಿಸಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮ ಮನೆಯ ಜಗುಲಿಯ ಮೇಲೆ ಎರಡು ವರ್ಷ ಕೂತಿತ್ತು. ಜ್ವರಕ್ಕಲ್ಲ, ಕೆಮ್ಮಿಗಲ್ಲ. ಅವನ ನಡವಳಿಕೆಗೆ. ಹುಡುಗ ಯಾರ ಜೊತೆಯೂ ಸೇರುವುದಿಲ್ಲ, ಕರೆದರೆ ತಿರುಗುವುದಿಲ್ಲ, ಮುಟ್ಟಿದರೆ ತಳ್ಳುತ್ತಾನೆ ಎಂಬುದಕ್ಕೆ. ಎರಡು ವರ್ಷವೂ 'ಬೇಡ' ಎಂದವನು ನಾನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ನನ್ನ ಮಾತೇ ನಡೆಯಿತು. ಈಗ ಆ ಎರಡು ವರ್ಷದ ಲೆಕ್ಕ ಒಪ್ಪಿಸಬೇಕಾಗಿದೆ. ಅಕ್ಕ ಕೇಳಿಲ್ಲ. ಹುಡುಗ ಕೇಳುವಂಥವನಲ್ಲ. ಆದರೆ ಈ ಪತ್ರಿಕೆಯನ್ನು ಓದುವ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಸಂಘಟನೆಯ ಗೆಳೆಯರು ಕೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಹುಡುಗನ ಹೆಸರು ಬರೆಯುವುದಿಲ್ಲ. ಅವನಿಗೆ ಬೇರೆಯವರು ಇಟ್ಟ ಹೆಸರುಗಳೇ ಸಾಕಷ್ಟಿವೆ.

ಅವನು ಹುಟ್ಟಿದ್ದು 2016ರಲ್ಲಿ. ಮೂರು ವರ್ಷವಾದರೂ ಮಾತು ಸರಿಯಾಗಿ ಬರಲಿಲ್ಲ. 'ಗಂಡು ಮಕ್ಳು ತಡ ಕಣವ್ವ, ಇವರ ತಾತನೂ ಹಿಂಗೇ' ಎಂದರು ಕೇರಿಯ ಹಿರಿಯರು. ಮಾತು ಬಂದಾಗ ಬಂದದ್ದು ಬಸ್ಸಿನ ಕಂಡಕ್ಟರನ ಮಾತು. 'ರೈಟ್ ರೈಟ್, ಮುಂದೆ ಹೋಗಿ' ಎಂದು ದಿನವೆಲ್ಲ ಅದನ್ನೇ ಹೇಳೋನು. ನಾವೆಲ್ಲ ನಕ್ಕೆವು. ಹುಣಸೆಬೀಜಗಳನ್ನು ಗೋಡೆಯ ಉದ್ದಕ್ಕೂ ಸಾಲಾಗಿ ಜೋಡಿಸಿ ಗಂಟೆಗಟ್ಟಲೆ ಕೂರೋನು. ಒಂದು ಬೀಜ ಅಲುಗಿದರೆ ನೆಲಕ್ಕೆ ತಲೆ ಚಚ್ಚಿಕೊಳ್ಳೋನು. 2020ರಲ್ಲಿ ಕೊರೊನಾ ಬಂದು ಅಂಗನವಾಡಿ ಮುಚ್ಚಿತು. ಆಮೇಲೆ ಅವನು ಏನು ಮಾಡಿದರೂ 'ಮನೇಲೇ ಕೂತು ಹಿಂಗಾದ' ಎಂದು ಕೊರೊನಾದ ತಲೆಗೆ ಕಟ್ಟಿದೆವು.

2022ರಲ್ಲಿ ಒಂದನೇ ಕ್ಲಾಸಿಗೆ ಸೇರಿದ. ಬೆಲ್ ಹೊಡೆದರೆ ಕಿವಿ ಮುಚ್ಚಿಕೊಂಡು ಮೂಲೆಗೆ ಓಡುತ್ತಿದ್ದ. ಪ್ರಾರ್ಥನೆಯ ಮೈಕು ಹಾಕಿದರೆ ಕಿರುಚುತ್ತಿದ್ದ. ಬಿಸಿಯೂಟದಲ್ಲಿ ಬರೀ ಅನ್ನ ಬೇಕು, ಸಾರು ತಾಗಿದರೆ ತಟ್ಟೆಯನ್ನೇ ಎಸೆಯುತ್ತಿದ್ದ. ಸಾಲಿನಲ್ಲಿ ಹಿಂದಿನವನ ಕೈ ತಗುಲಿದರೆ ತಿರುಗಿ ಒಂದು ಬಿಗಿಯುತ್ತಿದ್ದ. ಒಂದು ದಿನ ಊರಿನ ಯಜಮಾನರ ಮೊಮ್ಮಗನನ್ನು ತಳ್ಳಿ ಹಣೆ ಒಡೆಯಿತು. ಅವತ್ತು ಮೇಷ್ಟ್ರು ಅಕ್ಕನನ್ನು ಕರೆಸಿ ಎಲ್ಲರ ಮುಂದೆ ಹೇಳಿದರು: 'ನಿಮ್ಮ ಜನದ ಮಕ್ಕಳೇ ಹಿಂಗೆ ಕಣಮ್ಮ. ಮನೇಲಿ ಶಿಸ್ತು ಅನ್ನೋದು ಇದ್ರೆ ತಾನೆ?'

ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇದು ಬೈಗುಳ ಮಾತ್ರವಲ್ಲ. ಇದೊಂದು ರೋಗನಿರ್ಣಯ. ಸ್ಟೆತಾಸ್ಕೋಪು ಇಲ್ಲದೆ, ಮಗುವಿನ ಮುಖವನ್ನೂ ನೋಡದೆ, ಹಾಜರಿ ಪುಸ್ತಕದ ಜಾತಿಯ ಕಾಲಂ ನೋಡಿ ಕೊಟ್ಟ ನಿರ್ಣಯ. ಜಾತಿಯೇ ಕಾರಣವೆಂದು ಗೊತ್ತಾದ ಮೇಲೆ ಬೇರೆ ಕಾರಣ ಹುಡುಕುವ ಕೆಲಸವೇ ಇರುವುದಿಲ್ಲವಲ್ಲ!

ಅವ್ವ ತನಗೆ ಗೊತ್ತಿದ್ದ ದಾರಿ ಹಿಡಿದಳು. ಚಿಕ್ಕಲ್ಲೂರಿಗೆ ಹೋಗಿ ಸಿದ್ದಪ್ಪಾಜಿಗೆ ಹರಕೆ ಹೊತ್ತಳು, ತಾಯತ ಕಟ್ಟಿಸಿದಳು. ನಾನು ಅವ್ವನನ್ನು ಹಂಗಿಸಿದೆ. ಇವತ್ತು ನಾಚಿಕೆಯಾಗುತ್ತದೆ. ಮಗುವಿಗೆ ಏನೋ ಆಗಿದೆ, ಯಾರನ್ನಾದರೂ ಕೇಳಬೇಕು ಎಂದು ಆ ಮನೆಯಲ್ಲಿ ಮೊದಲು ಒಪ್ಪಿಕೊಂಡವಳು ಅವ್ವ. ಅವಳು ಕೇಳಿದ ಜಾಗ ತಪ್ಪಿರಬಹುದು. ನಾನು ಕೇಳಲೇ ಇಲ್ಲ.

*

ನಾನು ಮಾಡಿದ್ದೇನು? ಪದ್ಯ ಬರೆದೆ.

ಮೇಷ್ಟ್ರ ಮಾತು ಕೇಳಿ ನನ್ನ ರಕ್ತ ಕುದಿಯಿತು. ನನ್ನ ಕಣ್ಣಿಗೆ ಆ ಹುಡುಗ ಬಂಡಾಯಗಾರನಾಗಿ ಕಂಡ. ಮೇಲ್ಜಾತಿಯ ಪಾಠಕ್ಕೆ ಕಿವಿ ಮುಚ್ಚಿಕೊಂಡ ಪೋರ, ಅವರು ಬಡಿಸಿದ ಸಾರನ್ನು ಎಸೆದ ಪೋರ, ಯಜಮಾನನ ಮೊಮ್ಮಗನ ಹಣೆ ಒಡೆದ ಪೋರ! ಇದಕ್ಕಿಂತ ಒಳ್ಳೆಯ ರೂಪಕ ಕವಿಗೆ ಎಲ್ಲಿ ಸಿಗುತ್ತದೆ? ಜಿಲ್ಲಾ ಕೇಂದ್ರದ ಕವಿಗೋಷ್ಠಿಯಲ್ಲಿ ಓದಿದೆ. ಚಪ್ಪಾಳೆ ಬಿತ್ತು. ಗೆಳೆಯರು ತಬ್ಬಿಕೊಂಡರು. ಅದೇ ಹೊತ್ತಿಗೆ ಹುಡುಗ ಮನೆಯಲ್ಲಿ ಕಿವಿಗೆ ಬಟ್ಟೆ ತುರುಕಿಕೊಂಡು ಮಂಚದ ಕೆಳಗೆ ಮಲಗಿದ್ದ. ಪಕ್ಕದ ಬೀದಿಯಲ್ಲಿ ಮದುವೆಯ ತಮಟೆ ಬಡಿಯುತ್ತಿತ್ತು. ಅದು ಮೇಲ್ಜಾತಿಯ ಸದ್ದಲ್ಲ, ನಮ್ಮದೇ ತಮಟೆ. ಅದಕ್ಕೂ ಅವನು ಕಿವಿ ಮುಚ್ಚುತ್ತಿದ್ದ. ಇದನ್ನು ಅಕ್ಕ ಫೋನಿನಲ್ಲಿ ಹೇಳಿದಾಗ ನನ್ನ ರೂಪಕಕ್ಕೆ ಅದು ಹೊಂದಲಿಲ್ಲ. ಹೊಂದದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಕಿವಿ ಮುಚ್ಚಿಕೊಂಡವನು ಯಾರು ಹಾಗಾದರೆ?

'ಒಂದ್ಸಲ ದೊಡ್ಡಾಸ್ಪತ್ರೆಗೆ ತೋರಿಸೋಣ್ವೇನ್ಲಾ?' ಎಂದು ಅಕ್ಕ ಕೇಳಿದಾಗಲೆಲ್ಲ ನಾನು ಭಾಷಣ ಮಾಡಿದೆ. ನನ್ನ ಭಾಷಣ ಪೊಳ್ಳೇನೂ ಆಗಿರಲಿಲ್ಲ. ಅದರಲ್ಲಿ ಚರಿತ್ರೆ ಇತ್ತು. ಆ ಚರಿತ್ರೆಯನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಅದು ಸುಳ್ಳಲ್ಲ.

1851ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಒಂದು ಹೊಸ ಕಾಯಿಲೆ ಕಂಡುಹಿಡಿದ. ಧಣಿಯ ತೋಟದಿಂದ ಗುಲಾಮ ಓಡಿಹೋಗುವುದೇ ಆ ಕಾಯಿಲೆ. ಅದಕ್ಕೆ 'ಡ್ರಾಪೆಟೊಮೇನಿಯಾ' ಎಂದು ಹೆಸರಿಟ್ಟ. ಬಿಡುಗಡೆಯ ಆಸೆಯೇ ಹುಚ್ಚು! ಕೆಲಸದಲ್ಲಿ ಗುಲಾಮ ನಿಧಾನಿಸಿದರೆ ಅದಕ್ಕೂ ಇನ್ನೊಂದು ಕಾಯಿಲೆಯ ಹೆಸರು ಕೊಟ್ಟ. ನಮ್ಮ ದೇಶದಲ್ಲಿ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಇಡೀ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳೆಂದು ಬರೆದಿಟ್ಟಿತು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ, ಆ ಪಟ್ಟಿ ರದ್ದಾಯಿತು. ಪಟ್ಟಿ ರದ್ದಾದರೂ ಪೊಲೀಸರ ಕಣ್ಣು ರದ್ದಾಗಿಲ್ಲ ಎಂಬುದು ಆ ಜನಕ್ಕೆ ಗೊತ್ತು.

1971ರಲ್ಲಿ ಲಂಡನ್ನಿನಲ್ಲಿ ಬರ್ನಾರ್ಡ್ ಕೋರ್ಡ್ ಎಂಬ ಗ್ರೆನೆಡಾ ದೇಶದ ಕಪ್ಪು ಮೇಷ್ಟ್ರು ಒಂದು ಸಣ್ಣ ಪುಸ್ತಕ ಬರೆದ. ವೆಸ್ಟ್ ಇಂಡೀಸಿನಿಂದ ಬಂದವರ ಮಕ್ಕಳನ್ನು ಬ್ರಿಟನ್ನಿನ ಶಾಲೆಗಳು ಹೇಗೆ 'ಬುದ್ಧಿ ಸಾಲದವರು' ಎಂದು ಮಾಡಿ ಬೇರೆ ಶಾಲೆಗೆ ತಳ್ಳುತ್ತಿವೆ ಎಂಬುದೇ ಅದರ ವಿಷಯ. ಮಕ್ಕಳು ಹಾಗೆ ಇರಲಿಲ್ಲ, ಅವರನ್ನು ಹಾಗೆ ಮಾಡಲಾಯಿತು ಎಂದ. ಅದೇ 1971ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಪ್ಪು ಮಕ್ಕಳ ತಂದೆತಾಯಂದಿರು ಕೋರ್ಟಿಗೆ ಹೋದರು. ಬಿಳಿಯರಿಗೆಂದು ಹೊಲಿದ ಬುದ್ಧಿಮಾಪನದ ಅಂಗಿಯನ್ನು ನಮ್ಮ ಮಕ್ಕಳಿಗೆ ತೊಡಿಸಿ, ಸರಿ ಹೊಂದಲಿಲ್ಲ, ಮಗುವೇ ಸರಿಯಿಲ್ಲ ಎನ್ನುತ್ತಿದ್ದಾರೆ ಎಂಬುದು ಅವರ ವಾದದ ತಿರುಳು. 1979ರಲ್ಲಿ ನ್ಯಾಯಾಧೀಶ ಪೆಕ್‌ಹ್ಯಾಮ್ ಆ ತಾಯಂದಿರ ಪರ ತೀರ್ಪು ಕೊಟ್ಟರು.

ಇನ್ನು ನಮ್ಮ ಬಾಬಾಸಾಹೇಬರನ್ನೇ ನೋಡಿ. ಮನೆಯಿಂದ ಗೋಣಿಚೀಲ ತಂದು, ಅದರ ಮೇಲೆ ತರಗತಿಯಲ್ಲಿ ಒಬ್ಬನೇ ಕೂರಬೇಕಿದ್ದ ಹುಡುಗ. ಜವಾನ ಬಂದು ಮೇಲಿನಿಂದ ನೀರು ಹೊಯ್ಯದಿದ್ದರೆ ಆ ದಿನ ನೀರೇ ಇಲ್ಲ. ಆಗ ಯಾರಾದರೂ ಒಂದು ಫಾರಂ ಹಿಡಿದು ಬಂದು ಆ ಹುಡುಗನನ್ನು ಪರೀಕ್ಷಿಸಿದ್ದರೆ ಏನೆಂದು ಬರೆಯುತ್ತಿದ್ದರು? 'ಇತರ ಮಕ್ಕಳೊಡನೆ ಬೆರೆಯುವುದಿಲ್ಲ.' ಬೆರೆಯಲು ಬಿಡದವರ ಹೆಸರು ಬರೆಯಲು ಆ ಫಾರಂನಲ್ಲಿ ಜಾಗವಿರುತ್ತಿತ್ತೆ?

ಇದೆಲ್ಲ ನಾನು ಅಕ್ಕನಿಗೆ ಹೇಳಿದೆ. ಈಗಲೂ ಇದರಲ್ಲಿ ಒಂದಕ್ಷರ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಒಂದು ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಆ ತಾಯಂದಿರು ಹೋರಾಡಿದ್ದು ಮಕ್ಕಳನ್ನು ಯಾರೂ ನೋಡಬಾರದು ಎಂದೇ? ಅಲ್ಲ. ಸರಿಯಾಗಿ ನೋಡಿ ಎಂದು.

*

ಮೂರನೇ ಕ್ಲಾಸಿಗೆ ಬಂದಾಗ ಶಾಲೆಗೆ ಒಬ್ಬ ಅತಿಥಿ ಶಿಕ್ಷಕಿ ಬಂದರು. ಸಂಬಳ ತಿಂಗಳು ತಿಂಗಳು ಬರುವುದಿಲ್ಲ, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಗೊತ್ತಿಲ್ಲ. ಆಕೆಯೂ ನಮ್ಮ ಹಾಗೆಯೇ ಮನೆಗೆ ಮೊದಲ ಪದವೀಧರೆ. ಎರಡು ತಿಂಗಳಾದ ಮೇಲೆ ಅಕ್ಕನ ಕೈಗೆ ಒಂದು ಹಾಳೆ ಕೊಟ್ಟರು. ನೋಟ್‌ಬುಕ್ಕಿನಿಂದ ಹರಿದ ಹಾಳೆ. ಅದರಲ್ಲಿ 'ಹಠಮಾರಿ', 'ಒರಟ', 'ದಡ್ಡ' ಎಂಬ ಒಂದು ಪದವೂ ಇರಲಿಲ್ಲ. ಏನಿತ್ತು ಎಂದರೆ:

ಬೆಲ್ ಹೊಡೆಯುವ ಮೊದಲು ಹೇಳಿದರೆ ಕಿವಿ ಮುಚ್ಚಿಕೊಂಡು ಸುಮ್ಮನೆ ಕೂರುತ್ತಾನೆ, ಹೇಳದಿದ್ದರೆ ಓಡುತ್ತಾನೆ. ಹಿಂದಿನಿಂದ ಮುಟ್ಟಿದರೆ ಮಾತ್ರ ಹೊಡೆಯುತ್ತಾನೆ, ಎದುರಿನಿಂದ ಬಂದರೆ ಹೊಡೆಯುವುದಿಲ್ಲ. ಕಣ್ಣು ನೋಡಿ ಮಾತಾಡುವುದಿಲ್ಲ, ಆದರೆ ಕೇಳಿದ್ದಕ್ಕೆ ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬರುತ್ತದೆ. ಇಪ್ಪತ್ತರವರೆಗೆ ಮಗ್ಗಿ ಹೇಳುತ್ತಾನೆ, ಯಾರೂ ಕಲಿಸಿಲ್ಲ. ಬೇರೆ ಮಕ್ಕಳ ಆಟ ದೂರ ನಿಂತು ನೋಡುತ್ತಾನೆ, ಹೇಗೆ ಸೇರಬೇಕೆಂದು ಅವನಿಗೆ ಗೊತ್ತಾಗುವುದಿಲ್ಲ ಅನ್ನಿಸುತ್ತದೆ. ದಯವಿಟ್ಟು ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಅಕ್ಕ ಆ ಹಾಳೆಯನ್ನು ನನ್ನ ಮುಂದೆ ಹಿಡಿದಳು. ಓದಿ ಹೇಳು ಎಂದಳು. ಓದುತ್ತಾ ಓದುತ್ತಾ ನನ್ನ ಗಂಟಲು ಕಟ್ಟಿತು. ಎರಡು ತಿಂಗಳಲ್ಲಿ ಆಕೆ ನೋಡಿದ್ದನ್ನು ನಾನು ಎಂಟು ವರ್ಷದಲ್ಲಿ ನೋಡಿರಲಿಲ್ಲ. ಹುಡುಗ ಯಾರ ವಿರುದ್ಧವೂ ಬಂಡಾಯ ಹೂಡಿರಲಿಲ್ಲ. ಅವನಿಗೆ ಬೆಲ್ಲಿನ ಸದ್ದು ನೋವಾಗುತ್ತಿತ್ತು. ಅಷ್ಟೇ. ಮೇಷ್ಟ್ರು ಅವನಲ್ಲಿ ಒಂದು ಜಾತಿಯನ್ನು ಕಂಡರು. ನಾನು ಅವನಲ್ಲಿ ಒಂದು ಚಳವಳಿಯನ್ನು ಕಂಡೆ. ಆ ಮಗುವನ್ನು ಇಬ್ಬರೂ ಕಾಣಲಿಲ್ಲ. ಮೇಷ್ಟ್ರ ಕುರುಡಿಗೆ ಸಾವಿರ ವರ್ಷದ ಚರಿತ್ರೆಯಿದೆ, ನನ್ನ ಕುರುಡಿಗೆ ಪ್ರೀತಿಯ ನೆಪವಿದೆ. ಆದರೆ ಮಂಚದ ಕೆಳಗೆ ಮಲಗಿದ್ದ ಹುಡುಗನಿಗೆ ಈ ಎರಡರಲ್ಲಿ ಏನು ವ್ಯತ್ಯಾಸ?

ಹೆಸರು ತಪ್ಪಾಗಿ ಹಚ್ಚುವುದು ಒಂದು ಅನ್ಯಾಯ. ಎಂದೂ ನೋಡದೆ ಬಿಡುವುದು ಇನ್ನೊಂದು ಅನ್ಯಾಯ. ಎರಡನ್ನೂ ಮಾಡುವುದು ಒಂದೇ ಕೈ. ಇದಕ್ಕೂ ಚರಿತ್ರೆಯಿದೆ. 1943ರಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯ ಅಮೆರಿಕದಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ. ಇವತ್ತು 'ಆಟಿಸಂ' ಎಂದು ಕರೆಯುವುದರ ವಿವರ ಅದು. ಆ ಮಕ್ಕಳ ಮನೆಯವರೆಲ್ಲ ಚೆನ್ನಾಗಿ ಓದಿದವರು. ಕ್ಯಾನರ್‌ನ ಬಾಗಿಲಿಗೆ ಹೋಗಲು ದಾರಿ ಗೊತ್ತಿದ್ದವರು ಅಂಥವರೇ ಎಂದು ಯಾರೂ ಯೋಚಿಸಲಿಲ್ಲ. ಇದು ಓದಿದವರ ಮನೆಯ ಮಕ್ಕಳಿಗೆ ಬರುವಂಥದು ಎಂಬ ನಂಬಿಕೆ ಬಹಳ ಕಾಲ ಉಳಿಯಿತು. ಆ ಮನೆಗಳಲ್ಲಿ ತಪ್ಪು ಹೊತ್ತವಳು ತಾಯಿ. ಅವಳ ಎದೆ ತಣ್ಣಗಿತ್ತು, ಪ್ರೀತಿಸಲಿಲ್ಲ, ಅದಕ್ಕೇ ಮಗು ಹೀಗಾಯಿತು ಎಂದು ದೊಡ್ಡ ದೊಡ್ಡ ಪಂಡಿತರು ಪುಸ್ತಕ ಬರೆದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ, ಅಂಥದೇ ಮಗುವಿನ ತಂದೆ, ಅದನ್ನು ಅಲ್ಲಗಳೆದು ಬರೆದ. ಇದು ತಾಯಿಯ ತಪ್ಪಲ್ಲ, ಮಿದುಳು ಬೆಳೆಯುವ ರೀತಿಗೆ ಸೇರಿದ್ದು ಎಂದು ಈಗ ವಿಜ್ಞಾನ ಒಪ್ಪಿದೆ.

ಬಡವರ ಮಕ್ಕಳಿಗೆ, ಕಪ್ಪು ಮಕ್ಕಳಿಗೆ ಏನಾಯಿತು? 2002ರಲ್ಲಿ ಫಿಲಡೆಲ್ಫಿಯಾ ನಗರದ ಬಡ ಕುಟುಂಬಗಳ ಮಕ್ಕಳ ಬಗ್ಗೆ ಒಂದು ಅಧ್ಯಯನ ಬಂತು. ಬಿಳಿಯ ಮಕ್ಕಳಿಗೆ ಆಟಿಸಂ ಇದೆ ಎಂದು ಗೊತ್ತಾದದ್ದು ಸರಾಸರಿ 6.3 ವರ್ಷಕ್ಕೆ, ಕಪ್ಪು ಮಕ್ಕಳಿಗೆ 7.9 ವರ್ಷಕ್ಕೆ. ಒಂದೂವರೆ ವರ್ಷ ತಡ. ಅದೇ ಕಿರುಚಾಟ, ಅದೇ ತಳ್ಳಾಟ. ಬಿಳಿಯ ಮಗು ಮಾಡಿದರೆ ಅದಕ್ಕೊಂದು ಕಾರಣ ಇರಬೇಕು, ಕಪ್ಪು ಮಗು ಮಾಡಿದರೆ ಅದು ಅವರ ಜಾಯಮಾನ. 'ನಿಮ್ಮ ಜನದ ಮಕ್ಕಳೇ ಹಿಂಗೆ' ಎಂಬ ಮಾತು ನಮ್ಮೂರಿನ ಶಾಲೆಯಲ್ಲೇ ಹುಟ್ಟಿದ್ದಲ್ಲ ಗೆಳೆಯರೇ, ಅದು ಇಂಗ್ಲಿಷಿನಲ್ಲೂ ಇದೆ.

ನಮ್ಮ ಹುಡುಗನಿಗೆ ಆದ ತಡ ಎಷ್ಟು? ಎರಡು ವರ್ಷ. ಅದರಲ್ಲಿ ಮೇಷ್ಟ್ರ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ನಾನು ಇನ್ನೂ ಲೆಕ್ಕ ಹಾಕುತ್ತಿದ್ದೇನೆ.

*

ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಸರ್ಕಾರಿ ಜಾಗ. ಬೆಳಗಿನ ಐದು ಗಂಟೆಯ ಬಸ್ಸಿಗೆ ಹೊರಟು, ಚೀಟಿ ಮಾಡಿಸಿ, ಮಧ್ಯಾಹ್ನದ ತನಕ ಕಾದೆವು. ಮೊದಲ ದಿನ ಬರೀ ತಾರೀಕು ಸಿಕ್ಕಿತು. ಎರಡನೇ ಸಲ ಕಿವಿ ಪರೀಕ್ಷೆ. ಕಿವಿ ಚೆನ್ನಾಗಿದೆ ಎಂದರು. ಮೂರನೇ ಸಲ, ನಾಲ್ಕನೇ ಸಲ ಉಳಿದದ್ದು. ನಾಲ್ಕು ದಿನ ಅಕ್ಕನ ಕೂಲಿ ಹೋಯಿತು, ಭಾವನದು ಎರಡು ದಿನ. ಬಸ್ಸಿನ ಹಾರನ್ನಿಗೆ ಹುಡುಗ ಕಿರುಚಿದಾಗ ಇಡೀ ಬಸ್ಸು ಅಕ್ಕನ ಕಡೆ ತಿರುಗಿ ನೋಡಿತು. ಬಡವರು ಯಾಕೆ ಮಕ್ಕಳನ್ನು ತೋರಿಸುವುದಿಲ್ಲ ಎಂದು ಕೇಳುವವರು ಒಮ್ಮೆ ಆ ಬಸ್ಸಿನಲ್ಲಿ ಬರಬೇಕು.

ಈ ಪರೀಕ್ಷೆಯಲ್ಲಿ ಏನು ನಡೆಯುತ್ತದೆ ಎಂದು ನಮ್ಮ ಜನಕ್ಕೆ ಗೊತ್ತಿಲ್ಲ. ಕರೆಂಟು ಕೊಡುತ್ತಾರಂತೆ, ತಲೆ ಕೊಯ್ಯುತ್ತಾರಂತೆ ಎಂಬ ಮಾತು ಕೇರಿಯಲ್ಲಿ ಹಬ್ಬಿತ್ತು. ಅಂಥದೇನೂ ಇಲ್ಲ. ಆಟಿಸಂ ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆಯಿಲ್ಲ. ಕೇಳುವುದು ಮತ್ತು ನೋಡುವುದು, ಇಷ್ಟೇ. ಹೆರಿಗೆ ಹೇಗಾಯಿತು, ಹುಟ್ಟಿದ ತಕ್ಷಣ ಅತ್ತನೇ, ಫಿಟ್ಸ್ ಬಂದಿತ್ತೇ, ಯಾವಾಗ ಕೂತ, ಯಾವಾಗ ನಡೆದ, ಯಾವಾಗ ಮಾತಾಡಿದ. ಆಮೇಲೆ ಮಗುವಿನ ಜೊತೆ ಆಟ. ಚೆಂಡು ಉರುಳಿಸಿದರೆ ತಿರುಗಿ ಉರುಳಿಸುತ್ತಾನೆಯೇ? ಬೆರಳು ತೋರಿಸಿದ ಕಡೆ ನೋಡುತ್ತಾನೆಯೇ? ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ 2009ರಲ್ಲಿ ಭಾರತದ ಮಕ್ಕಳಿಗಾಗಿಯೇ ಮಾಡಿದ ಒಂದು ಮಾಪಕವಿದೆ, 'ಇಸಾ' ಎನ್ನುತ್ತಾರೆ. ನಲವತ್ತು ಅಂಶ, ಒಂದೊಂದಕ್ಕೆ ಒಂದರಿಂದ ಐದು ಅಂಕ. ಒಟ್ಟು ಎಪ್ಪತ್ತು ದಾಟಿದರೆ ಆಟಿಸಂ ಎಂದು ಎಣಿಸುತ್ತಾರೆ. ಎಪ್ಪತ್ತರಿಂದ 106ರ ತನಕ ಸೌಮ್ಯ, 153ರ ತನಕ ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ.

ಈ ಪ್ರಶ್ನೆಗಳ ನಡುವೆ ಒಂದು ಪ್ರಶ್ನೆ ಬಂತು. ಕೇಳಿದ ಹುಡುಗಿ ಒಳ್ಳೆಯವಳೇ, ನನ್ನದೇ ವಯಸ್ಸು.

'ಅಕ್ಕಪಕ್ಕದ ಮನೆಗೆ ಒಬ್ಬನೇ ಹೋಗಿ ಬರ್ತಾನಾ? ಊರಲ್ಲಿ ಓಡಾಡ್ತಾನಾ?'

ಅಕ್ಕ ಸುಮ್ಮನಾದಳು. ನನ್ನ ಮುಖ ನೋಡಿದಳು. ಆಮೇಲೆ ಹೇಳಿದಳು: 'ಯಾವ ಮನೆ ಅವ್ವ? ಕೇರಿ ಒಳಗೆ ಹೋಯ್ತಾನೆ. ಊರ ಒಳಕ್ಕೆ ನಮ್ಮ ಮಕ್ಕಳ್ನ ನಾವೇ ಬುಡಲ್ಲ. ಇವ್ನು ಯಾರ ಮನೆ ಜಗುಲಿ ಮುಟ್ಟುಬುಟ್ಟಾನೋ ಅಂತ ಭಯ. ಇವ್ನಿಗೆ ಹೇಳಿದ್ರೆ ತಿಳಿಯಲ್ವಲ್ಲ.'

ಪೆನ್ನು ಹಿಡಿದ ಆ ಹುಡುಗಿಯ ಕೈ ನಿಂತಿತು. ಫಾರಂನಲ್ಲಿ 'ಹೌದು', 'ಇಲ್ಲ' ಎರಡೇ ಜಾಗ. 'ಇಲ್ಲ' ಎಂದು ಹಾಕಿದ್ದರೆ ಊರು ಮಾಡಿದ್ದನ್ನು ಹುಡುಗನ ತಲೆಗೆ ಕಟ್ಟಿದಂತೆ. ಆಕೆ ಹಾಗೆ ಮಾಡಲಿಲ್ಲ. ಪಕ್ಕದಲ್ಲಿ ಎರಡು ಸಾಲು ಸಣ್ಣಗೆ ಬರೆದುಕೊಂಡಳು, 'ಕೇರಿ ಒಳಗೆ ಒಬ್ಬನೇ ಹೋಗ್ತಾನೆ ಅಂತ ಬರ್ಕೊಂಡೆ ಅಕ್ಕ' ಎಂದಳು. ಬಾಬಾಸಾಹೇಬರ ಗೋಣಿಚೀಲ ನನ್ನ ಕಣ್ಣ ಮುಂದೆ ಬಂತು. ಫಾರಂನ ಅಂಚಿನಲ್ಲಿ ಜಾಗ ಇರುತ್ತದೆ. ಬರೆಯುವವರು ಬೇಕು, ಹೇಳುವವರು ಪಕ್ಕದಲ್ಲಿ ಇರಬೇಕು. ನಾನು ಹೋಗಿದ್ದು ಡಾಕ್ಟರ ಜೊತೆ ಜಗಳವಾಡಲು. ಆದರೆ ಆ ದಿನ ಹೇಳಬೇಕಾದ್ದನ್ನು ಹೇಳಿದವಳು ಹೆಬ್ಬೆಟ್ಟಿನ ಅಕ್ಕ.

ಕೊನೆಗೆ ಹೇಳಿದರು: ಸೌಮ್ಯ ಪ್ರಮಾಣದ ಆಟಿಸಂ. ಬುದ್ಧಿಶಕ್ತಿ ವಯಸ್ಸಿಗೆ ತಕ್ಕಂತೆ ಇದೆ. ಇದು ಕಾಯಿಲೆಯ ಹಾಗೆ ವಾಸಿಯಾಗುವಂಥದಲ್ಲ, ಆದರೆ ಕಲಿಸಿದರೆ ಕಲಿಯುತ್ತಾನೆ, ಬದುಕುತ್ತಾನೆ. ಮಾತ್ರೆ ಬರೆಯಲಿಲ್ಲ. ಮಾತಿನ ತರಬೇತಿಗೆ ಬನ್ನಿ ಎಂದರು.

ನಾನು ಅಳುತ್ತೇನೆಂದು ಅಂದುಕೊಂಡಿದ್ದೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: 'ನನ್ನಿಂದ ಆಗಿದ್ದಾ ಡಾಕ್ಟ್ರೇ? ಬಸುರಿಲಿ ಕಬ್ಬು ಕಡಿಯಕ್ಕೆ ಹೋಗಿದ್ದೆ.' 'ಇಲ್ಲಮ್ಮ, ನಿಮ್ಮಿಂದ ಆಗಿದ್ದಲ್ಲ' ಎಂದರು. ಎಂಟು ವರ್ಷ ಅವಳು ಆ ಕಲ್ಲನ್ನು ಹೊತ್ತಿದ್ದಳು, ನಮಗೆ ಗೊತ್ತೇ ಇರಲಿಲ್ಲ. ಒಂದು ಹೆಸರು ಮಗುವಿಗೆ ಅಂಟಿತು ನಿಜ. ಆದರೆ ಆ ಹೆಸರು ತಾಯಿಯ ತಲೆಯಿಂದ ಒಂದು ಕಲ್ಲನ್ನು ಇಳಿಸಿತು. ಇದನ್ನು ನನ್ನ ಯಾವ ಭಾಷಣವೂ ಮಾಡಿರಲಿಲ್ಲ.

*

ಹಾಗಾದರೆ ಹೆಸರು ಒಳ್ಳೆಯದೋ ಕೆಟ್ಟದ್ದೋ?

ನಮ್ಮವರಿಗೆ ಹೆಸರಿನ ಭಯ ಸುಮ್ಮನೆ ಬಂದದ್ದಲ್ಲ. ಹೊಲೆಯ, ಮಾದಿಗ ಎಂಬ ಹೆಸರನ್ನು ಉಗುಳಿನಂತೆ ನಮ್ಮ ಮುಖಕ್ಕೆ ಎಸೆದರು. ಅದೇ ಹೆಸರನ್ನು ನಮ್ಮ ಹಿರಿಯರು ಎದೆ ತಟ್ಟಿ ಹೇಳಿದಾಗ ಅದು ಬೇರೆಯಾಯಿತು. ಪದ ಅದೇ. ಆದರೆ ಯಾರು, ಯಾರಿಗೆ, ಯಾಕಾಗಿ ಹೇಳುತ್ತಿದ್ದಾರೆ ಎಂಬುದು ಬದಲಾಯಿತು. ವೈದ್ಯರು ಕೊಡುವ ಹೆಸರಿಗೂ ಇದೇ ತಕ್ಕಡಿ ಹಿಡಿಯಬೇಕು. ಹೆಸರು ಕೊಟ್ಟ ಮೇಲೆ ಪ್ರಶ್ನೆ ನಿಂತುಹೋದರೆ ಅದು ಮೇಷ್ಟ್ರ ಹೆಸರು. 'ಅವನು ಹಂಗೇ ಬಿಡಿ' ಎಂದು ಹಿಂದಿನ ಬೆಂಚಿಗೆ ತಳ್ಳುವ ಹೆಸರು. ಹೆಸರು ಕೊಟ್ಟ ಮೇಲೆ ಪ್ರಶ್ನೆ ಶುರುವಾದರೆ, ಅಂದರೆ ಇವನಿಗೆ ಏನು ಬೇಕು, ಯಾರು ಕೊಡಬೇಕು, ಯಾವಾಗ ಕೊಡುತ್ತೀರಿ ಎಂದು ಕೇಳುವ ಹಕ್ಕು ಬಂದರೆ, ಅದು ಬೇರೆ ಹೆಸರು.

ಆ ಹಕ್ಕು ಕಾಗದದ ಮೇಲೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಪ್ಪತ್ತೊಂದು ಬಗೆಯ ತೊಂದರೆಗಳನ್ನು ಪಟ್ಟಿ ಮಾಡಿದೆ. ಆಟಿಸಂ ಅದರಲ್ಲಿದೆ, ಓದು ಬರಹದಲ್ಲಿ ಮಾತ್ರ ತೊಡಕಿರುವ ಕಲಿಕಾ ನ್ಯೂನತೆಯೂ ಇದೆ. ನೂರಕ್ಕೆ ನಲವತ್ತು ಅಥವಾ ಅದಕ್ಕೂ ಹೆಚ್ಚು ಎಂದು ಪ್ರಮಾಣಪತ್ರ ಬಂದರೆ ಆರರಿಂದ ಹದಿನೆಂಟು ವರ್ಷದ ತನಕ ಉಚಿತ ಶಿಕ್ಷಣದ ಹಕ್ಕು. ಅದರ 17ನೇ ಕಲಂ ಪ್ರಕಾರ ಐದು ವರ್ಷಕ್ಕೊಮ್ಮೆ ಶಾಲಾಮಕ್ಕಳ ಸಮೀಕ್ಷೆ ಮಾಡಿ ಇಂಥ ಮಕ್ಕಳನ್ನು ಗುರುತಿಸಿ, ಅವರಿಗೇನು ಬೇಕೆಂದು ತಿಳಿಯುವುದು ಸರ್ಕಾರದ ಕೆಲಸ. ಅಂದರೆ ಹುಡುಕಿಕೊಂಡು ಬರಬೇಕಾದವರು ಅವರು, ಐದು ಗಂಟೆಯ ಬಸ್ಸು ಹತ್ತಬೇಕಾದವಳು ಅಕ್ಕ ಅಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಬೆಳವಣಿಗೆಯ ಕುಂಠಿತವನ್ನೂ ಅವರು ನೋಡಬೇಕು. ತೂಕ ನೋಡಿ, ಹಲ್ಲು ನೋಡಿ ಜೀಪು ಹತ್ತಿ ಹೋದರೆ ಅದನ್ನು ಕೇಳುವವರು ಯಾರು? 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಒಂದು 17ನೇ ಕಲಂ ಇದೆ. ಮಗುವಿಗೆ ಹೊಡೆಯಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು ಎನ್ನುತ್ತದೆ ಅದು. ಈ ಎರಡು ಹದಿನೇಳನ್ನು ನಮ್ಮ ಸಂಘಟನೆಯ ಪ್ರತಿ ಹುಡುಗ ಬಾಯಿಪಾಠ ಮಾಡಬೇಕು.

ಮೈಸೂರಿನ ಮಾನಸಗಂಗೋತ್ರಿಯ ಬಳಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಾನು ಎಂ.ಎ. ಓದುವಾಗ ಎರಡು ವರ್ಷ ಅದರ ಬೋರ್ಡಿನ ಮುಂದೆ ಓಡಾಡಿದ್ದೇನೆ. ಅದು ನಮ್ಮ ಮಕ್ಕಳಿಗೂ ಇರುವ ಜಾಗ ಎಂದು ಒಮ್ಮೆಯೂ ಹೊಳೆಯಲಿಲ್ಲ. ಬೆಂಗಳೂರಿನಲ್ಲಿ 1974ರಿಂದ ನಿಮ್ಹಾನ್ಸ್ ಇದೆ. ಅದನ್ನು ನಮ್ಮ ಊರುಗಳಲ್ಲಿ ಇವತ್ತಿಗೂ 'ಹುಚ್ಚಾಸ್ಪತ್ರೆ' ಎನ್ನುತ್ತೇವೆ. ದೇವಸ್ಥಾನದ ಬಾಗಿಲು ತೆರೆಸಲು ನಾವು ಹೋರಾಡಿದ್ದೇವೆ, ಕೆರೆಯ ನೀರಿಗೆ ಹೋರಾಡಿದ್ದೇವೆ. ತೆರೆದೇ ಇರುವ ಈ ಬಾಗಿಲುಗಳ ಒಳಗೆ ಯಾಕೆ ಕಾಲಿಡುತ್ತಿಲ್ಲ?

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ರೋಗದ ಹೆಸರು ಹೇಳುವುದು ನಿಮ್ಮ ಕೆಲಸವಲ್ಲ. ನೋಡಿದ್ದನ್ನು ಬರೆಯುವುದು ನಿಮ್ಮ ಕೆಲಸ. 'ಒರಟ' ಎಂದು ಬರೆಯಬೇಡಿ. ಯಾವಾಗ ಹೊಡೆದ, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಹೇಗೆ ಸುಮ್ಮನಾದ, ಅದನ್ನು ಬರೆಯಿರಿ. ಆ ಅತಿಥಿ ಶಿಕ್ಷಕಿಯ ಹರಿದ ಹಾಳೆಯನ್ನು ಆಸ್ಪತ್ರೆಯವರು ಎರಡು ಸಲ ಓದಿದರು, ಫೈಲಿನಲ್ಲಿಟ್ಟುಕೊಂಡರು. ತಾಲ್ಲೂಕಿನ ಬಿಆರ್‌ಸಿಯಲ್ಲಿ ಇಂಥ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರಿಗೆ ಬರೆಯಿರಿ. ಮಗು ಕೇರಿಯಿಂದ ಬಂದದ್ದಾದರೆ ಬರೆಯುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇವನು ಬೆರೆಯುತ್ತಿಲ್ಲವೋ, ಇವನನ್ನು ಬೆರೆಸಿಕೊಳ್ಳುತ್ತಿಲ್ಲವೋ? ಎರಡೂ ಇರಬಹುದು. ನಮ್ಮ ಹುಡುಗನಿಗೆ ಎರಡೂ ಇತ್ತು. ಒಂದಕ್ಕೆ ತರಬೇತಿ ಬೇಕು. ಇನ್ನೊಂದಕ್ಕೆ ಬೇಕಾದ್ದು ಹೋರಾಟ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮುಚ್ಚಿಹಾಕುವುದು ಬೇಡ.

ಸಂಘಟನೆಯ ಗೆಳೆಯರಿಗೆ ಇನ್ನೊಂದು ಮಾತು. ತಾಯಿಯನ್ನು ಒಬ್ಬಳೇ ಕಳಿಸಬೇಡಿ. ಜೊತೆಗೆ ಹೋಗಿ, ಬಸ್ ಚಾರ್ಜು ಕೂಡಿಸಿ ಕೊಡಿ. ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿ ಎಂದು ಕೇಳಿ, ಅದು ತಪ್ಪಲ್ಲ. ಈ ಪರೀಕ್ಷೆ ಯಾರ ಮಕ್ಕಳಿಗಾಗಿ ಮಾಡಿದ್ದು ಎಂದೂ ಕೇಳಿ. ಒಪ್ಪಿಗೆಯಾಗದಿದ್ದರೆ ಇನ್ನೊಂದು ಕಡೆ ತೋರಿಸಿ. ಆದರೆ ಮಗುವನ್ನು ನಿಮ್ಮ ವಾದಕ್ಕೆ ಸಾಕ್ಷಿಯಾಗಿ ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ. ನಮ್ಮ ನೋವು ದೊಡ್ಡದು, ನಿಜ. ಆದರೆ ಒಂದು ಮಗುವಿನ ಸಣ್ಣ ನೋವಿನ ಮೇಲೆ ಅದನ್ನು ಹೇರಿದರೆ ಆ ಮಗು ಅದರಡಿಯಲ್ಲಿ ಕಾಣದೇ ಹೋಗುತ್ತದೆ.

*

ಆ ಪದ್ಯವನ್ನು ನಾನು ಸಂಕಲನದಿಂದ ತೆಗೆದುಹಾಕಿದ್ದೇನೆ. ಗೆಳೆಯರು ಬೇಸರ ಮಾಡಿಕೊಂಡರು.

ಹುಡುಗ ಈಗ ವಾರಕ್ಕೊಂದು ದಿನ ಮಾತಿನ ತರಬೇತಿಗೆ ಹೋಗುತ್ತಾನೆ. ಎಲ್ಲ ವಾರವೂ ಆಗುವುದಿಲ್ಲ, ಕಬ್ಬಿನ ಕೆಲಸವಿದ್ದಾಗ ತಪ್ಪುತ್ತದೆ. ಶಾಲೆಯಲ್ಲಿ ಬೆಲ್ ಹೊಡೆಯುವ ಕೆಲಸವನ್ನು ಆ ಶಿಕ್ಷಕಿ ಅವನಿಗೇ ಕೊಟ್ಟಿದ್ದಾರೆ. ತಾನೇ ಹೊಡೆದರೆ ಸದ್ದು ಯಾವಾಗ ಬರುತ್ತದೆಂದು ಅವನಿಗೆ ಗೊತ್ತಿರುತ್ತದಲ್ಲ! ಒಂದು ಕೈಯಲ್ಲಿ ಹೊಡೆಯುತ್ತಾನೆ, ಇನ್ನೊಂದು ಕೈಯಲ್ಲಿ ಒಂದು ಕಿವಿ ಮುಚ್ಚಿಕೊಳ್ಳುತ್ತಾನೆ. ಕೇರಿಯ ಹುಡುಗ ಬೆಲ್ ಮುಟ್ಟಿದ್ದಕ್ಕೆ ಊರಿನಲ್ಲಿ ಒಂದಿಬ್ಬರು ಗೊಣಗಿದರಂತೆ. ಆ ಜಗಳ ಈಗ ಶುರುವಾಗಿದೆ. ಆ ಜಗಳ ನನ್ನದು, ಅದನ್ನು ನಾನು ಆಡುತ್ತೇನೆ. ಬೆಲ್ ಅವನದು.

ಅಕ್ಕನ ಒಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಆಸ್ಪತ್ರೆಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದ್ದಳು, ಕೋಪದಿಂದಲ್ಲ, ಸುಮ್ಮನೆ: 'ಎರಡು ವರ್ಷ ಮುಂಚೆ ಬಂದಿದ್ರೆ ಇನ್ನೂ ಬೇಗ ಮಾತು ಕಲೀತಿದ್ನೇನ್ಲಾ?'